ಕುತೈಸಿಯಲ್ಲಿ ಭರಮಪ್ಪನನ್ನು ಕರೆದವರು

ಎಮ್ಮೆಯ ಗಂಟೆ

ಪರದೇಶದ ನೆಲದ ಮೇಲೆ ನಮ್ಮ ತಂಡ ಮಾಡಿದ ಮೊದಲ ಸದ್ದು ಎಮ್ಮೆಯ ಗಂಟೆಯದು. ಜಾರ್ಜಿಯಾ ದೇಶದ ತಿಬಿಲಿಸಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಯೊಬ್ಬ ನಮ್ಮ ನಾಟಕದ ನಾಯಕಿ ಕಸ್ತೂರಿಯ ಚೀಲ ತೆರೆಸಿದ. ಮೇಲೆ ಇಳಕಲ್ ಸೀರೆ, ಅದರ ಕೆಳಗೆ ಕಟಕ ರೊಟ್ಟಿಯ ಗಂಟು, ಅದರ ಕೆಳಗೆ ಅಥಣಿಯ ಚಪ್ಪಲಿ ಜೋಡು, ತಳದಲ್ಲಿ ಹಿತ್ತಾಳೆಯ ಗಂಟೆ. ಆತ ಅದನ್ನು ಎತ್ತಿ ಅಲ್ಲಾಡಿಸಿದ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಎಮ್ಮಿದ್ರಿ ಸಾಹೇಬರ," ಎಂದಳು ಕಸ್ತೂರಿ, ಅಥಣಿ ಕಡೆಯ ತನ್ನೂರು ಸತ್ತಿಯ ಅಚ್ಚ ಕನ್ನಡದಲ್ಲಿ. "ನಾಟಕದಾಗ ಬೇಕಾಗ್ತೈತಿ."

ಆತನಿಗೆ ಏನು ತಿಳಿಯಿತೋ, ಇನ್ನೊಮ್ಮೆ ಬಾರಿಸಿ, ನಕ್ಕು, ಚೀಲ ಮುಚ್ಚಿ ಕೊಟ್ಟ.

ನಾನು ಹಾರೂಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಊರಿಗೆಲ್ಲ ಅಕ್ಕೋರು. ಸಿಟ್ಟು ಮೂಗಿನ ತುದಿಯಲ್ಲಿ ಎಂದು ಮಕ್ಕಳು ಹೇಳುತ್ತಾರೆ, ಸುಳ್ಳಲ್ಲ. ಬಿಡುವಿನಲ್ಲಿ ನಾಟಕ ಬರೆದು, ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮಂದಿಯನ್ನು ಕೂಡಿಸಿ ಆಡಿಸುತ್ತೇನೆ. ಸಣ್ಣ ಊರುಗಳ ತಂಡಗಳನ್ನೇ ಕರೆಯುವ ನಾಟಕೋತ್ಸವವೊಂದು ಜಾರ್ಜಿಯಾದ ಕುತೈಸಿ ಎಂಬಲ್ಲಿ ನಡೆಯುತ್ತದಂತೆ. ಯಾರೋ ಮೊಬೈಲಿನಲ್ಲಿ ಹಿಡಿದ ನಮ್ಮ ನಾಟಕ ಅಲ್ಲಿಗೆ ಹೇಗೆ ಮುಟ್ಟಿತೋ, ಬನ್ನಿ ಎಂದು ಕರೆ ಬಂತು. ಕಾಗವಾಡ ದಾಟಿ ಮಿರಜಿಗೆ ಹೋಗುವುದೇ ಪರದೇಶ ಎಂದುಕೊಂಡಿದ್ದ ನಮ್ಮ ಮಂದಿಗೆ ನಿದ್ದೆ ಹಾರಿ ಹೋಯಿತು. ನನಗಂತೂ ಹೊರಡುವ ದಿನದವರೆಗೂ ಬರಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ನಾಟಕದ ಕೊನೆಯ ಒಂದು ಹೆಸರು. ಕಥೆ ಸಣ್ಣದು. ಕೃಷ್ಣಾ ದಂಡೆಯ ತಂಗೆವ್ವ ಗಂಡನ ಹೆಸರು ಹೇಳದ ಹೆಂಗಸು. ಮೊದಲ ದೃಶ್ಯದಲ್ಲಿ ಹೆಂಗಸರು ಬಾಗಿಲು ತಡೆದು, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ ಎನ್ನುತ್ತಾರೆ. ಅವಳು ಹೆಸರೇ ಇಲ್ಲದ ಒಡಪು ಹೇಳಿ ನುಸುಳಿಕೊಳ್ಳುತ್ತಾಳೆ:

*ಹೊಳಿ ದಂಡ್ಯಾಗ ಹಸರ ಕಬ್ಬ, ಕಬ್ಬಿನಾಗ ರಸ,*
*ಹೆಸರ ಕೇಳೂ ಅಕ್ಕಗೋಳ, ನಿಮಗ್ಯಾಕಿಷ್ಟ ತ್ರಾಸ?*

ನೋಡುವವರು ನಗುತ್ತಾರೆ. ಗಂಡ ಭರಮಪ್ಪನೂ ಮೊದಲು ನಗುತ್ತಾನೆ, ಆಮೇಲೆ ಅದು ಅವನಿಗೆ ಚುಚ್ಚತೊಡಗುತ್ತದೆ. ಅವಳಿಗೆ ಹಟ, ಅವನಿಗೆ ಅದರ ಅಪ್ಪನಂಥ ಹಟ. ಜಗಳದಲ್ಲಿ ಒಮ್ಮೆ ಅಂದುಬಿಡುತ್ತಾನೆ: "ಊರ ಮಂದಿ ಎಲ್ಲಾ ಕರೀಲಿ. ನೀ ಹೆಸರ ಹಿಡದ ಕರಿಯೂತನಕ ನಾ ಹೊಳ್ಳಿ ನೋಡೂದಿಲ್ಲ." ಕೊನೆಗೆ ಹೊಳೆ ಬರುತ್ತದೆ. ತೇಲಿ ಹೋಗುವ ಎಮ್ಮೆಯನ್ನು ಹಿಡಿಯಲು ಭರಮಪ್ಪ ನೀರಿಗಿಳಿಯುತ್ತಾನೆ. ಬೇಡ ಬಾ ಎಂದು ಅವ್ವ ಕರೆಯುತ್ತಾಳೆ, ಗೆಳೆಯರು ಕರೆಯುತ್ತಾರೆ, ಅವನು ತಿರುಗುವುದಿಲ್ಲ. ಅವನ ಬೆನ್ನ ಹಿಂದೆ ಮರದ ದಿಮ್ಮಿ ಬರುವುದನ್ನು ತಂಗೆವ್ವ ಕಾಣುತ್ತಾಳೆ. "ರೀ" ಎನ್ನುತ್ತಾಳೆ. "ಕೇಳ್ರೀ" ಎನ್ನುತ್ತಾಳೆ. ಕಟ್ಟಕಡೆಗೆ ಹೆಸರು ಹಿಡಿದು ಕರೆಯುತ್ತಾಳೆ. ಆಗ ಅವನು ತಿರುಗುತ್ತಾನೆ, ಗೆದ್ದವನ ಹಾಗೆ ನಗುತ್ತ. ಅಷ್ಟರಲ್ಲಿ ದಿಮ್ಮಿ ಬಂದಿರುತ್ತದೆ.

ಇಡೀ ನಾಟಕ ಆ ಒಂದು ಕೂಗಿಗಾಗಿ ಕಾದು ಕೂತಿದೆ. ನಮ್ಮ ಕಡೆ ಆ ಹೊತ್ತಿಗೆ ಮುದುಕಿಯರು ಎದೆ ಹಿಡಿದುಕೊಳ್ಳುತ್ತಾರೆ. ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವುದೇ ದಿನದ ರೂಢಿಯಾದ ಊರಲ್ಲಿ ಅದು ಯಾರಿಗೆ ತಟ್ಟೀತು? ತಟ್ಟದೆ ಹೋದರೆ ನಾಟಕವೇ ಇಲ್ಲ, ಒಬ್ಬ ಗಂಡಸು ಹೊಳೆಯಲ್ಲಿ ಬಿದ್ದ ಸುದ್ದಿ ಅಷ್ಟೆ.

ಕುತೈಸಿಯ ದಾರಿ

ನಮ್ಮನ್ನು ಕರೆದೊಯ್ಯಲು ನಾನಾ ಎಂಬವರು ಬರುತ್ತಾರೆ ಎಂದು ತಿಳಿಸಿದ್ದರು. ನಮ್ಮ ಗಡಿ ಕಡೆ ನಾನಾ ಅಂದರೆ ಊರಿನ ಹಿರಿಯ ಗಂಡಸು. ನಿಪ್ಪಾಣಿ ತಾಲೂಕಿನ ಭೋಜದಲ್ಲಿ ಇಂಗ್ಲಿಷ್ ಕಲಿಸುವ ಕಾಂಬಳೆ ಸರ್, ನಾಟಕವನ್ನು ಇಂಗ್ಲಿಷಿಗೆ ತಂದವರು, ಹಲಗಿ ಬಾರಿಸುವವರೂ ಅವರೇ, ಬಿಳಿ ಮೀಸೆಯ ಮುದುಕನೊಬ್ಬನನ್ನು ಕಂಡು ಓಡಿಹೋಗಿ "ನಮಸ್ಕಾರ ನಾನಾ" ಎಂದು ಕೈಮುಗಿದರು. ಆತ ಪಾಪ ತನ್ನ ಮೊಮ್ಮಗನಿಗಾಗಿ ಕಾಯುತ್ತಿದ್ದ. ನಮ್ಮ ನಾನಾ ಜೀನ್ಸ್ ತೊಟ್ಟ, ಬೆಲ್ಲದ ಬಣ್ಣದ ಕೂದಲಿನ ಹುಡುಗಿ. ಸರ್ ಬರೆದ ಇಂಗ್ಲಿಷನ್ನು ಜಾರ್ಜಿಯನ್ ಭಾಷೆಗೆ ತಿರುಗಿಸಿ, ನಾಟಕಮಂದಿರದ ಪರದೆಯ ಮೇಲೆ ಸಾಲು ಮೂಡಿಸುವುದು ಅವಳ ಕೆಲಸ.

ಕುತೈಸಿಯ ತನಕ ಅರ್ಧ ದಿನದ ದಾರಿ. ದಾರಿಯಲ್ಲಿ ಚರ್ಚು ಕಂಡಾಗಲೆಲ್ಲ ಚಾಲಕ ಸ್ಟಿಯರಿಂಗ್ ಬಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದ. ನಮ್ಮ ಬಸ್ಸಿನ ಡ್ರೈವರು ಗುಡಿ ಕಂಡಾಗ ಮಾಡುವುದೂ ಅದೇ, ಆದರೆ ಆತ ಒಂದು ಸಲ ಕೈಮುಗಿದು ಬಿಡುತ್ತಾನೆ. ಇವನದು ಮೂರು ಸಲ. ಈ ದೇಶದಲ್ಲಿ ಚರ್ಚುಗಳೋ ಬೆಟ್ಟಕ್ಕೊಂದು.

"ಅಕ್ಕೋರ, ಇಂವ ದೇವರನ್ನ ನೆನಸಾಕತ್ತಾನೋ, ನಮ್ಮನ್ನ ದೇವರ ಕಡೆ ಕಳಸಾಕತ್ತಾನೋ?" ಎಂದ ಸಿದ್ರಾಮ.

ಸಿದ್ರಾಮ ಕಸ್ತೂರಿಯ ಗಂಡ. ನಾಟಕದಲ್ಲೂ ಅವನೇ ಗಂಡ ಭರಮಪ್ಪ, ಅವಳೇ ತಂಗೆವ್ವ. ಸತ್ತಿಯಲ್ಲಿ ಇವರಿಗೆ ಒಂದಿಷ್ಟು ಹೊಲ, ನಾಲ್ಕು ಎಮ್ಮೆ, ಪಿಯುಸಿ ಓದುವ ಮಗಳು. ಹೆಸರಿಲ್ಲದ ಒಡಪನ್ನು ನಾನು ಕದ್ದದ್ದು ಕಸ್ತೂರಿಯಿಂದಲೇ. ಮದುವೆಯ ದಿನ ಹೊಸಿಲಲ್ಲಿ ನಿಲ್ಲಿಸಿ ಕಾಡಿದ ಅತ್ತಿಗೆ ನಾದಿನಿಯರನ್ನು ಹೀಗೇ ಯಾಮಾರಿಸಿ ಒಳಗೆ ಹೋದವಳು, ಮಗಳು ಇಷ್ಟು ದೊಡ್ಡವಳಾದರೂ ಗಂಡನ ಹೆಸರು ಎತ್ತಿಲ್ಲ. ತಾಲೀಮಿನಲ್ಲಿ ಕೊನೆಯ ಜಾಗ ಬಂದರೆ ಕೈ ಎತ್ತಿ "ಇಲ್ಲಿ ಕರೀತೀನ್ರಿ" ಎಂದು ಮುಂದೆ ಹೋಗಿಬಿಡುತ್ತಾಳೆ. ಪ್ರಯೋಗದ ದಿನ ಮಾತ್ರ ಕರೆಯುತ್ತಾಳೆ.

"ಭರಮಪ್ಪ ನಿನ್ನ ಗಂಡ ಅಲ್ಲಲ್ಲವ್ವಾ, ನಾ ಇಟ್ಟ ಹೆಸರ ಅದು," ಎಂದು ನಾನೊಮ್ಮೆ ರೇಗಿದ್ದೆ.

"ಆ ಹೊತ್ತಿಗೆ ಹೌದಲ್ರಿ ಅಕ್ಕೋರ," ಎಂದಿದ್ದಳು.

ನಡುದಾರಿಯಲ್ಲಿ ರಸ್ತೆಯ ಎರಡೂ ಕಡೆ ಹೆಂಗಸರು ಬಿಸಿ ಸಿಹಿರೊಟ್ಟಿ ಹಿಡಿದು ಕೈ ಬೀಸುತ್ತಾರೆ. ಆ ಬೀಸುವ ಚಂದಕ್ಕೇ ಬಂಡಿ ನಿಲ್ಲಬೇಕು. ಪೇರಲ ಹಣ್ಣಿನ ಕಾಲದಲ್ಲಿ ನಮ್ಮ ರಸ್ತೆ ಬದಿಯವರು ಇಷ್ಟು ಹುರುಪು ತೋರಿಸಿದರೆ ಬುಟ್ಟಿ ಮಧ್ಯಾಹ್ನಕ್ಕೇ ಖಾಲಿಯಾದೀತು. ನಾವು ಕೈತುಂಬ ಕೊಂಡು, ಬಾಯಿ ಸುಟ್ಟುಕೊಂಡು ತಿಂದೆವು.

ಲಾಮಾರಾ ಆಯಿಯ ಅಂಗಳ

ಇಳಿದುಕೊಂಡದ್ದು ನಾನಾಳ ಅಜ್ಜಿಯ ಮನೆಯಲ್ಲಿ. ಹೆಸರು ಲಾಮಾರಾ, ನಮ್ಮ ಕಡೆ ಅಜ್ಜಿಯನ್ನು ಕರೆಯುವಂತೆ ನಮಗೆಲ್ಲ ಆಯಿ. ಮೈತುಂಬ ಕಪ್ಪು ಉಡುಪು, ತಲೆಗೆ ಕಪ್ಪು ಬಟ್ಟೆ, ಗಂಡ ಹೋದಾಗಿನಿಂದ ಅದೇ ಬಣ್ಣವಂತೆ. ಬಂದವರ ಕೆನ್ನೆಗೆ ಮುತ್ತಿಡುವುದು ಇಲ್ಲಿಯ ಪದ್ಧತಿ. ಸಿದ್ರಾಮನ ಸರದಿ ಬಂದಾಗ ಅವನು ಕಾಂಬಳೆ ಸರ್ ಹಿಂದೆ ಅಡಗಿದ. ಆಯಿ ಬಿಡಲಿಲ್ಲ, ಕಿವಿ ಹಿಡಿದು ಎಳೆದು ಮುತ್ತಿಟ್ಟಳು. ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಂಗಳದ ಮೇಲೆ ದ್ರಾಕ್ಷಿ ಬಳ್ಳಿಯ ಚಪ್ಪರ. ಅಥಣಿ ಕಡೆಯ ತೋಟದಲ್ಲಿ ದ್ರಾಕ್ಷಿ ಮಾರಾಟಕ್ಕೆ ಬೆಳೆಯುತ್ತದೆ, ಇಲ್ಲಿ ನೆರಳಿಗೂ ಬೆಳೆಯುತ್ತದೆ. ಕಾಳು ತುಂಬಿಡುವ ನಮ್ಮ ಹಳೆಯ ಹಗೇವಿನ ಹಾಗೆ ನೆಲದಲ್ಲಿ ಬಾಯಿ ಮಟ್ಟ ಹೂತ ದೊಡ್ಡ ಮಣ್ಣಿನ ಹರವಿ, ಅದರೊಳಗೆ ವೈನು. ಮೇಜಿನ ಮೇಲೆ ಗೋವಿನಜೋಳದ ರೊಟ್ಟಿ, ಕಾಳಿನ ಪಲ್ಲೆ, ಜೊತೆಗೆ ಅಜಿಕಾ ಎಂಬ ಕೆಂಪು ಚಟ್ನಿ. ಕಸ್ತೂರಿ ಬೆರಳಿಗೆ ಹಚ್ಚಿ ನೆಕ್ಕಿ ಘೋಷಿಸಿದಳು: "ನಮ್ಮ ರಂಜಕಾನ ಐತಿದು. ಬಳ್ಳೊಳ್ಳಿ ಒಂಚೂರ ಕಮ್ಮಿ ಬಿದ್ದೈತಿ." ಆಮೇಲೆ ಯಾರಿಗೂ ಊಟದ ಚಿಂತೆ ಇರಲಿಲ್ಲ.

ಇವರಲ್ಲಿ ಸುಮ್ಮನೆ ಕುಡಿಯುವಂತಿಲ್ಲ. ಪ್ರತಿ ಲೋಟಕ್ಕೂ ಒಬ್ಬರು ಎದ್ದು ನಾಲ್ಕು ಮಾತು ಆಡಬೇಕು: ಬಂದವರ ಹೆಸರಲ್ಲಿ, ತಾಯಂದಿರ ಹೆಸರಲ್ಲಿ, ಸತ್ತವರ ಹೆಸರಲ್ಲಿ. ಎಲ್ಲರೂ "ಗಾವ್ಮಾರ್ಜೋಸ್" ಎಂದ ಮೇಲೆಯೇ ಗುಟುಕು. ಮಾತಿಲ್ಲದೆ ಲೋಟ ಎತ್ತಿದ ನನ್ನನ್ನು ಆಯಿ, ಬಾಗಿಲಲ್ಲಿ ಮದುಮಗಳನ್ನು ತಡೆದವರ ಹಾಗೆ, ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಾನು ದ್ರಾಕ್ಷಿ ರಸದ ಲೋಟ ಹಿಡಿದು ನಮ್ಮ ಹೊಳೆಯ ಬಗ್ಗೆ ನಾಲ್ಕು ಮಾತಾಡಿದೆ. ಬಾಗಿಲು ತೆರೆಯಿತು.

ತಾಲೀಮು

ಪ್ರಯೋಗದ ಹಿಂದಿನ ದಿನ ರಂಗದ ಮೇಲೆ ತಾಲೀಮು. ಮೇಲಿನ ಪರದೆಯಲ್ಲಿ ನಮ್ಮ ಮಾತು ಜಾರ್ಜಿಯನ್ ಅಕ್ಷರದಲ್ಲಿ ಮೂಡುತ್ತಿತ್ತು. ಎಂಥ ಮುದ್ದಾದ ಲಿಪಿ. ಗುಂಡಗೆ, ಕೊಂಬು ಬಾಲ ಕಟ್ಟಿಕೊಂಡು, ನಮ್ಮ ಅಕ್ಷರದ ದೂರದ ಬಳಗದಂತೆ ಕಾಣುತ್ತಿತ್ತು. ಒಂದೂ ಓದಲು ಬಾರದಿದ್ದರೂ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ತಾಲೀಮು ಮುಗಿದ ಮೇಲೆ ನಾನಾ ಬಂದಳು. ಮುಖದಲ್ಲಿ ಸಂಕೋಚ.

"ಬಹಳ ಚೆನ್ನಾಗಿದೆ. ಒಂದೇ ಅನುಮಾನ. ಭರಮಾನಿಗೆ ಕಿವಿ ಕೇಳಿಸುವುದಿಲ್ಲವೇ?"

"ಯಾಕೆ?"

"ಮೊದಲ ದೃಶ್ಯದಿಂದ ಅವಳು ಭರಮಾ, ಭರಮಾ ಎಂದು ಕರೆಯುತ್ತಲೇ ಇದ್ದಾಳೆ. ಅವನು ಕೊನೆಗೆ ಒಮ್ಮೆ ಮಾತ್ರ ತಿರುಗುತ್ತಾನೆ. ನಮ್ಮ ಜನ ಅವನನ್ನು ಕಿವುಡ ಎಂದುಕೊಳ್ಳುತ್ತಾರೆ."

ಕಾಂಬಳೆ ಸರ್ ಅವರನ್ನು ಹುಡುಕಿಕೊಂಡು ಹೋದೆ. ಅವರು ಹಲಗಿ ಕಾಸುತ್ತ ಕೂತಿದ್ದರು.

"ಸರ್, ತಂಗೆವ್ವ 'ನಮ್ಮನಿಯವರು' ಅಂದಲ್ಲಿ ನೀವು ಏನ ಬರದೀರಿ?"

"ಭರಮಾ ಅಂತ ಬರದೇನ್ರಿ. 'ರೀ' ಅಂದಲ್ಲೂ ಅದ. ಪರದೇಶದ ಮಂದಿಗೆ ಯಾರ ಸುದ್ದಿ ಅಂತ ತಿಳೀಬೇಕಲ್ರಿ ಅಕ್ಕೋರ."

"ಅಯ್ಯ ನಿಮ್ಮ. ನಾಟಕದ ಕುತ್ತಿಗಿನ ಹಿಚಗೀರಲ್ರಿ. ಆಕಿ ಹೆಸರ ಹೇಳೂದಿಲ್ಲ ಅನ್ನೂದ ನಾಟಕ."

ಅವರ ಮುಖ ಸಣ್ಣದಾಯಿತು. "ನಮ್ಮ ಮನ್ಯಾಗ ಇದೆಲ್ಲಾ ಬಿಟ್ಟ ಭಾಳ ದಿನ ಆತ್ರಿ. ನನ್ನ ಹೇಂತಿ ನನ್ನ ಹೆಸರ ಹಿಡದ ಕರೀತಾಳ, ನಾ ಆಕಿ ಹೆಸರ ಹಿಡದ ಕರೀತೀನಿ. ಬರಿಯೂ ಮುಂದ ಅದು ಲಕ್ಷ್ಯಕ್ಕ ಬರಲಿಲ್ರಿ. ಚುಕ್ಲಂ ಮಾಝಂ, ನನ್ನದ ತಪ್ಪ."

ಅವರ ಮನೆಯ ರೂಢಿ ಒಳ್ಳೆಯದೇ. ಅದು ನನ್ನ ನಾಟಕಕ್ಕೆ ಮುಳುವಾಯಿತು. ಕಸ್ತೂರಿ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಳು. "ಹಂಗಾರ ನಾಳೆ ನಾ ಕರದರೂ ಒಂದ, ಬಿಟ್ಟರೂ ಒಂದರಿ?" ಎಂದಳು. ಆ ಮಾತು ಕೇಳಿ ನನಗೆ ನಿಜಕ್ಕೂ ಅಳು ಬಂತು.

ಚಪ್ಪರದ ಕೆಳಗೆ

ಮರುದಿನ ಬೆಳಿಗ್ಗೆ ನಾನು, ಕಾಂಬಳೆ ಸರ್, ನಾನಾ ಚಪ್ಪರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ತಂಗೆವ್ವನ ಮಾತಿನಿಂದ ಭರಮಾನನ್ನು ತೆಗೆಯಬೇಕು. ಸರಿ, ಅಲ್ಲಿ ಏನಿಡಬೇಕು? 'ನನ್ನ ಗಂಡ' ಎಂದರೆ ತಹಶೀಲ್ದಾರ ಕಚೇರಿಯ ಅರ್ಜಿಯಂತೆ ಕೇಳುತ್ತದೆ. 'ಅವನು' ಎಂದರೆ ಯಾವನೋ ಆಗುತ್ತಾನೆ. 'ರೀ' ಎಂಬುದನ್ನು ತಿರುಗಿಸಲು ಕೂತ ನಾನಾ ಕೂದಲು ಕಿತ್ತುಕೊಂಡಳು. "ಇದಕ್ಕೆ ಅರ್ಥವೇನು?" ಎಂದು ಕೇಳಿದಳು. ಗೌರವ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಸಿಟ್ಟೂ ಹೌದು ಎಂದೆ. ಆಮೇಲೆ ಪ್ರೀತಿಯೂ ಎಂದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ಟೀ ತರಲು ಹೋದಳು.

ಅವಳು ಟೀ ತಂದಾಗ ಆಯಿಯೂ ಕಾಳು ಆರಿಸುವುದನ್ನು ಬಿಟ್ಟು ಬಂದಳು. ನಮ್ಮ ಜಗಳ ಏನು ಎಂದು ಮೊಮ್ಮಗಳಿಂದ ತಿಳಿದುಕೊಂಡು, ಕುರ್ಚಿ ಎಳೆದು ಕೂತಳು. ಅವಳು ಹೇಳಿದ್ದನ್ನು ನಾನಾ ನಮಗೆ ಇಂಗ್ಲಿಷಿನಲ್ಲಿ ಹೇಳಿದಳು:

"ನನ್ನನ್ನು ಕೊಟ್ಟದ್ದು ಬೆಟ್ಟದ ಮೇಲಿನ ಹಳ್ಳಿಗೆ. ಅಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುವ ಹಾಗಿರಲಿಲ್ಲ. ಅವನಾಗಿ ಮಾತಾಡು ಎನ್ನುವ ತನಕ ಕಣ್ಣಲ್ಲೇ, ಕೈಯಲ್ಲೇ ಎಲ್ಲ. ನನ್ನ ಮಾವ ಹಾಗೆ ಹೇಳುವುದನ್ನೇ ಮರೆತುಬಿಟ್ಟಿದ್ದ. ಅಲ್ಲಿ ನಾನು ಸುಮ್ಮನಿದ್ದುದನ್ನು ಯಾವ ಅಕ್ಷರದಲ್ಲಿ ಬರೆಯುತ್ತೀಯ? ಖಾಲಿ ಬಿಡು."

ಖಾಲಿ ಬಿಡುವುದು. ತಂಗೆವ್ವ 'ಊಟಕ್ಕೆ ಬಾ ಎಂದು ಹೇಳಿ' ಎಂದರೆ, ಯಾರಿಗೆ ಎಂಬಲ್ಲಿ ಒಂದು ಹೆಸರಿನಷ್ಟು ಬರಿದು ಜಾಗ. ಊರವರ ಬಾಯಲ್ಲಿ, ಅವ್ವನ ಬಾಯಲ್ಲಿ ಭರಮಾ ಎಂದೇ ಇರಲಿ. ಇವಳ ಮಾತು ಬಂದಾಗ ಮಾತ್ರ ಗುಂಡಿ. ಆ ಗುಂಡಿಯ ಮುಂದೆ ನೋಡುವವನ ಕಾಲು ತಾನಾಗಿ ತಡವರಿಸಬೇಕು. ಕೊನೆಯ ಕೂಗಿಗಂತೂ ಪರದೆ ಪೂರ್ತಿ ಬರಿದಾಗಿರಲಿ, ಕಿವಿಯಿಂದಲೇ ಕೇಳಲಿ ಎಂದು ಗೊತ್ತುಮಾಡಿದೆವು. ನಾನು ಎದ್ದು ಆಯಿಯ ಎರಡೂ ಕೆನ್ನೆಗೆ ಮುತ್ತಿಟ್ಟೆ. ಹಾರೂಗೇರಿಯಲ್ಲಿ ಯಾರಿಗೂ ಹೇಳಬೇಡಿ.

"ಕೊನೆಗೆ ಏನಾಗುತ್ತದೆ ಎಂದು ನನಗೆ ಹೇಳಬಾರದು," ಎಂದು ಆಯಿ ಬೆರಳು ತೋರಿಸಿದಳು. "ನಾನೂ ಬರುತ್ತೇನೆ."

ಮಧ್ಯಾಹ್ನದ ತನಕ ಕಾಂಬಳೆ ಸರ್ ನೀರು ಕೂಡ ಮುಟ್ಟದೆ ಇಂಗ್ಲಿಷಿನಿಂದ ಒಂದೊಂದೇ ಭರಮಾನನ್ನು ಕಿತ್ತು ತೆಗೆದರು, ನಾನಾ ಜಾರ್ಜಿಯನ್ ಸಾಲುಗಳಿಂದ ತೆಗೆದಳು.

ಪ್ರಯೋಗ

ಮಂದಿರ ಸಣ್ಣದು, ತುಂಬಿತ್ತು. ಆಯಿ ಮುಂದಿನ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ನಾನು ರಂಗದ ಪಕ್ಕದಲ್ಲಿ ನಿಂತು ಪರದೆಯನ್ನೂ ನೋಡುವವರ ಮುಖವನ್ನೂ ಒಟ್ಟಿಗೆ ನೋಡುತ್ತಿದ್ದೆ.

ಮೊದಲ ಖಾಲಿ ಜಾಗ ಬಂದಾಗ ಕೆಲವರು ಹಿಂದಕ್ಕೆ ತಿರುಗಿದರು. ಯಂತ್ರ ಕೆಟ್ಟಿತು ಎಂದುಕೊಂಡಿರಬೇಕು. ಎರಡನೆಯದಕ್ಕೆ ಒಂದಿಬ್ಬರು ಹುಬ್ಬು ಗಂಟಿಕ್ಕಿದರು. ಅದೇ ದೃಶ್ಯದ ಕೊನೆಗೆ ಹೆಂಗಸರು ಬಾಗಿಲು ತಡೆದು ಹೆಸರು ಹೇಳು ಎಂದರು. ತಂಗೆವ್ವ ಜಾಣತನದಿಂದ ನುಸುಳಿದಳು. ಆಗ ಕತ್ತಲಲ್ಲಿ ಒಂದು ನಗು ಹುಟ್ಟಿ ಸಾಲಿನಿಂದ ಸಾಲಿಗೆ ಹಬ್ಬಿತು. ಅವರಿಗೆ ತಿಳಿಯಿತು. ನಾನು ಪಕ್ಕದಲ್ಲಿದ್ದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದ ಮುಂದೆ ಪ್ರತಿ ಖಾಲಿ ಜಾಗಕ್ಕೂ ಮಂದಿ ಉಸಿರು ಹಿಡಿಯತೊಡಗಿದರು. ಭರಮಪ್ಪ ಶಪಥ ಮಾಡಿದಾಗ ನಗು ಪೂರ್ತಿ ನಿಂತಿತು. ನಮ್ಮೂರಿನಲ್ಲೂ ನಗು ನಿಲ್ಲುವ ಜಾಗ ಅದೇ.

ಹೊಳೆ ಬಂತು. ನೀಲಿ ಬಟ್ಟೆ, ಹಲಗಿಯ ಸದ್ದು, ಎಮ್ಮೆಯ ಗಂಟೆ. ಸಿದ್ರಾಮ ಬೆನ್ನು ತೋರಿಸಿ ನೀರಿನಲ್ಲಿ ನಿಂತ. ಅವ್ವ ಕರೆದಳು, ಗೆಳೆಯರು ಕರೆದರು. ದಿಮ್ಮಿ ಹೊರಟಿತು. ಕಸ್ತೂರಿ ದಂಡೆಗೆ ಓಡಿ ಬಂದಳು.

"ರೀ."

ಪರದೆ ಖಾಲಿ.

"ಕೇಳ್ರೀ, ಇತ್ಲಾಗ ನೋಡ್ರೀ."

ಇನ್ನೂ ಒಂದು 'ರೀ' ಬಾಕಿ ಇತ್ತು. ಅವಳು ಬಾಯಿ ತೆರೆಯುವುದಕ್ಕೆ ಮೊದಲೇ ಮುಂದಿನ ಸಾಲಿನಲ್ಲಿ ಕೈಚೀಲ ಕೆಳಗೆ ಬಿದ್ದ ಸದ್ದಾಯಿತು. ಲಾಮಾರಾ ಆಯಿ ಎದ್ದು ನಿಂತಿದ್ದಳು.

"ಭರಮಾ!"

ಕುತೈಸಿಯ ಮುದುಕಿಯ ಗಂಟಲಲ್ಲಿ ಆ ಹೆಸರು ಗೋಡೆಗೆ ಬಡಿದು ಬಂತು. ಯಾರೂ ನಗಲಿಲ್ಲ. ಸಿದ್ರಾಮ ತಿರುಗಿದರೆ ದಿಮ್ಮಿ ಕಾಣುತ್ತದೆ, ದಿಮ್ಮಿ ಕಂಡರೆ ಭರಮಪ್ಪ ಬದುಕುತ್ತಾನೆ, ನಾಟಕ ಅಲ್ಲಿಗೇ ಮುಗಿಯುತ್ತದೆ. ಅವನ ಕುತ್ತಿಗೆ ಅಲುಗಿತು. ಅರ್ಧ ತಿರುಗಿತು, ಕಿವಿ ಕಂಡಿತು. ಅಲ್ಲಿಗೇ ನಿಂತಿತು. ಒಂದು ಕ್ಷಣ ಆಲಿಸಿದ. ತನ್ನವಳ ದನಿ ಅದಲ್ಲ ಎಂದು ತಿಳಿದವನಂತೆ, ನಿಧಾನವಾಗಿ, ಮುಖವನ್ನು ಮತ್ತೆ ನೀರಿನ ಕಡೆ ತಿರುಗಿಸಿದ.

ಅದನ್ನು ನಾನು ಬರೆದಿರಲಿಲ್ಲ. ಬರೆಯಲು ನನಗೆ ತೋಚಿಯೂ ಇರಲಿಲ್ಲ. ಮಂದಿರದಲ್ಲಿ ಯಾರೋ ನರಳಿದರು. ಕಾಂಬಳೆ ಸರ್ ಹಲಗಿ ನಿಲ್ಲಿಸಿಬಿಟ್ಟರು. ಕಸ್ತೂರಿ ಆಯಿಯ ಕಡೆ ಒಮ್ಮೆ ನೋಡಿದಳು. ತಾನು ಮಾಡಬೇಕಿದ್ದ ಕೆಲಸವನ್ನು ನೆರೆಮನೆಯವಳು ಮಾಡಿದಾಗ ನೋಡುವ ನೋಟ ಅದು. ಆಮೇಲೆ ಹೊಳೆಯ ಕಡೆ ತಿರುಗಿ ಕರೆದಳು. ನಮ್ಮ ಊರುಗಳಲ್ಲಿ ಕಿರುಚುತ್ತಿದ್ದವಳು ಇಲ್ಲಿ ಮೆಲ್ಲಗೆ ಕರೆದಳು, ಪಕ್ಕದಲ್ಲಿ ಮಲಗಿದವನನ್ನು ಎಬ್ಬಿಸುವ ಹಾಗೆ.

"ಭರಮಪ್ಪಾ."

ಅವನು ನಗುತ್ತ ತಿರುಗಿದ.

ದೀಪ ಆರಿತು. ಮಂದಿ ಚಪ್ಪಾಳೆ ತಟ್ಟತೊಡಗಿದ ಮೇಲೆ ನಿಲ್ಲಿಸಲಿಲ್ಲ. ನಾನು ಕಂಬಕ್ಕೆ ಒರಗಿ ಗಳಗಳ ಅತ್ತೆ, ಸಂತೋಷಕ್ಕೆ.

ಆಯಿ ರಂಗದ ಹಿಂದಕ್ಕೆ ಬಂದವಳೇ ಸಿದ್ರಾಮನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. ಮುಖ ಕೆಂಪಾಗಿತ್ತು.

"ನಾನು ಕರೆದೆನಲ್ಲ, ಯಾಕೆ ತಿರುಗಲಿಲ್ಲ ಎಂದು ಕೇಳುತ್ತಿದ್ದಾಳೆ," ಎಂದಳು ನಾನಾ.

ಸಿದ್ರಾಮ ತಲೆ ಕೆರೆದುಕೊಂಡ. "ಏನ ಮಾಡ್ಲಿ ಆಯಿ, ನಮ್ಮಾಕಿ ಕರದಿದ್ದಿಲ್ಲಲ್ಲ."

ಬಿಳಿ ಕಲ್ಲಿನ ಹೊಳೆ

ಹೊರಡುವ ದಿನ ಬೆಳಿಗ್ಗೆ ರಿಯೋನಿ ಹೊಳೆಯ ಸೇತುವೆಯ ಮೇಲೆ ನಿಂತೆವು. ಕೆಳಗೆ ಎಮ್ಮೆ ಮಲಗಿದಷ್ಟು ದೊಡ್ಡ ಬಿಳಿ ಕಲ್ಲುಗಳು. ಸಿದ್ರಾಮ ಎಂದಿನಂತೆ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ, ಕಸ್ತೂರಿ ಎಂದಿನಂತೆ ಹಿಂದೆ.

ಮಧ್ಯಾಹ್ನ ಚಪ್ಪರದ ಕೆಳಗೆ ಕೊನೆಯ ಊಟ. ಆಯಿ ಸಿದ್ರಾಮನಿಗೆ ಒತ್ತಿ ಒತ್ತಿ ಬಡಿಸುತ್ತಿದ್ದಳು, ಅವನು ಜೀವಂತ ಉಣ್ಣುವುದನ್ನು ನೋಡಿದಷ್ಟೂ ಅವಳಿಗೆ ಸಾಲದು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಕಾಂಬಳೆ ಸರ್ ಖಾಲಿ ಜಾಗದ ಹೆಸರಲ್ಲಿ ಲೋಟ ಎತ್ತಿ ಎಲ್ಲರನ್ನೂ ನಗಿಸಿದರು. ಸರದಿ ಕಸ್ತೂರಿಗೆ ಬಂತು. ಅವಳು ತಲೆ ಆಡಿಸಿದಳು. ಆಯಿ ಲೋಟದ ಮೇಲೆ ಕೈ ಅಡ್ಡ ಇಟ್ಟಳು.

"ಏನರ ಅನ್ನಬೇಕವ್ವಾ," ಎಂದೆ ನಾನು. "ಇಲ್ಲಿಯ ಬಾಗಲಾನೂ ಹಂಗ ಬಿಡೂದಿಲ್ಲ."

ಕಸ್ತೂರಿ ಎದ್ದು ಸೆರಗು ಸರಿಮಾಡಿಕೊಂಡಳು. ಮೇಜಿನ ಆ ತುದಿಯಲ್ಲಿ ಸಿದ್ರಾಮ ನಮಗೆ ಬೆನ್ನು ಮಾಡಿ, ನಾನಾಳಿಂದ ಹರವಿಯ ಸಂಗತಿ ಕೇಳುತ್ತಿದ್ದ. ಅವಳು ಆಯಿಯ ಮುಖ ನೋಡುತ್ತ ರಾಗ ಎತ್ತಿದಳು:

*ಕೃಷ್ಣಾ ದಂಡಿ ಬಿಟ್ಟ ಬಂದ್ವಿ, ರಿಯೋನಿ ದಂಡಿ ಕಂಡ್ವಿ,*
*ದ್ರಾಕ್ಷಿ ಬಳ್ಳಿ ಚಪ್ಪರದಾಗ ಬಿಸಿ ರೊಟ್ಟಿ ಉಂಡ್ವಿ,*
*ಜೀವಂತ ಕುಂತಾರ ನೋಡ ಆಯಿ, ನೀ ಇರು ಆರಾಮ,*
*ಹೊಳ್ಳಿ ನೋಡ್ರಿ ಒಮ್ಮೆರ, ನನ್ನ ಗಂಡ ಸಿದ್ರಾಮ.*

ನಮ್ಮವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕಾಂಬಳೆ ಸರ್ ಅನುವಾದ ಮಾಡಲು ಹೋಗಲಿಲ್ಲ. ಆಯಿಗೆ ಅದು ಬೇಕಾಗಿಯೂ ಇರಲಿಲ್ಲ. ಕೊನೆಯ ಶಬ್ದ ಕೇಳಿದ್ದೇ ಅವಳು ಮೇಜಿನ ಆ ತುದಿಯ ಕಡೆ ನೋಡಿದಳು.

ಸಿದ್ರಾಮ ಹೊಳ್ಳಿ ನೋಡಿದ. ಅದೇ ನಗು. ಅವನ ಬೆನ್ನ ಹಿಂದೆ ದ್ರಾಕ್ಷಿ ಎಲೆಗಳ ಮೇಲೆ ಬಿಸಿಲು ಬಿದ್ದಿತ್ತು, ಯಾವ ದಿಮ್ಮಿಯೂ ಬರುತ್ತಿರಲಿಲ್ಲ.